ರ‍್ಯಾಕಿಗೆ ಬಿಟ್ಟುಕೊಟ್ಟ ಖೋಲಿ

ಮರಾಠಿ ನಾಡಿನ ಕೊಂಢವಾ ಎಂಬ ಬಡಾವಣೆಯ ಒಂದು ಕಚೇರಿಯಲ್ಲಿ ರ‍್ಯಾಕ್ ಎಲ್ಲಿ ನಿಲ್ಲಿಸಬಹುದೆಂದು ನೋಡಿ ವರದಿ ಕೊಡಲು ನಮ್ಮ ಕಂಪನಿ ನನ್ನನ್ನು ಕಳಿಸಿತ್ತು. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ಚು, ಸರ್ವರುಗಳನ್ನು ಒಂದರ ಮೇಲೊಂದು ಕೂರಿಸುವ ಆಳೆತ್ತರದ ಕಬ್ಬಿಣದ ಕಪಾಟು ಅದು. ಆರಿಸುವುದು ಕಷ್ಟವಲ್ಲ, ಒಳಗೆ ಹೋಗುವ ಸಾಮಾನಿನ ಉದ್ದ ನೋಡಿ ಆಳ ಹೇಳಿದರಾಯಿತು. ನಿಲ್ಲಿಸುವುದೇ ತಲೆನೋವು. ಮುಂದೆ ಬಾಗಿಲು ಪೂರ್ತಿ ತೆರೆಯಬೇಕು, ಹಿಂದೆ ಒಬ್ಬರು ನಿಂತು ಕೈಯಾಡಿಸುವಷ್ಟು ಜಾಗ ಇರಬೇಕು, ತಲೆಯ ಮೇಲೆ ನೀರಿನ ಪೈಪು ಮಾತ್ರ ಇರಲೇಬಾರದು.

ಮೂರನೇ ಮಹಡಿಯಲ್ಲಿ ಎರಡೇ ಕೋಣೆಗಳು ಅಳತೆಗೆ ಸಿಕ್ಕವು. ಒಂದು, ಮ್ಯಾನೇಜರರ ಕ್ಯಾಬಿನ್ನಿಗೆ ಅಂಟಿಕೊಂಡಿದ್ದ ವಿಶ್ರಾಂತಿ ಕೋಣೆ. ಒಂದು ಸೋಫಾ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಇನ್ನೊಂದು, ಕಸ ಗುಡಿಸುವ ಹೆಂಗಸರು ಬಟ್ಟೆ ಬದಲಿಸಿ ಬುತ್ತಿ ಉಣ್ಣುತ್ತಿದ್ದ ಖೋಲಿ. ಅದರ ಸೂರಿನಡಿ ಮೇಲಿನ ಮಹಡಿಯ ಟಾಯ್ಲೆಟ್ ಪೈಪು ಹಾದುಹೋಗಿತ್ತು. ಯಾವುದು ಸರಿ ಎಂದು ನನಗೆ ಹತ್ತು ನಿಮಿಷದಲ್ಲೇ ತಿಳಿದಿತ್ತು.

ಅಮ್ಮನ ಜೊತೆ ಫೋನಿನಲ್ಲಿ ನಾನು ಕನ್ನಡದಲ್ಲಿ ಮಾತಾಡಿದ್ದು ಆ ಹೆಂಗಸರಲ್ಲೊಬ್ಬಳ ಕಿವಿಗೆ ಬಿತ್ತು. ಐವತ್ತರ ಆಸುಪಾಸು, ಯಾದಗಿರಿ ಕಡೆಯವಳು. ಪೊರಕೆ ಬದಿಗಿಟ್ಟು ಬಂದಳು.

"ನಮ್ಮ ಕಡೆಯವ್ರೇನ್ರಿ ಅಕ್ಕಾರ?"

"ವಿಜಯಪುರ" ಎಂದೆ.

ಅವಳ ಮುಖ ಅರಳಿತು. ನನ್ನ ಕೈಯಲ್ಲಿದ್ದ ಅಳತೆಪಟ್ಟಿ ನೋಡಿ ದನಿ ತಗ್ಗಿಸಿದಳು. "ಈ ಖೋಲಿ ಒಂದ ಬಿಡ್ರಿ. ಒಳಗಿಂದ ಚಿಲಕ ಹಾಕ್ಕೊಳ್ಳಾಕ ನಮಗ ಇರೋದು ಇದೊಂದ ಅದ. ಸೀರಿ ಬಿಚ್ಚಿ ಯೂನಿಫಾರ್ಮ್ ಹಾಕ್ಕೋಬೇಕಲ್ರಿ."

"ನೋಡ್ತೀನಿ ಬಿಡ್ರಿ" ಎಂದೆ.

ಮ್ಯಾನೇಜರು ಚಹಾ ತರಿಸಿ, ನಗುತ್ತ ಮರಾಠಿಯಲ್ಲಿ ಹೇಳಿದರು: "ನನ್ನ ಕೋಣೆಯ ಮಾತು ಬಿಡಿ. ಆ ಹೆಂಗಸರ ಕೋಣೆ ಸಾಕಲ್ಲ?" ಅವರು ಹೆದರಿಸಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. ಬೇಡವೆಂದಿದ್ದರೆ ನಾನು ಇನ್ನೆರಡು ಸಲ ಬಂದು ವಾದಿಸಬೇಕಾಗುತ್ತಿತ್ತು, ಅಷ್ಟೇ. ಹೆಂಗಸರ ಖೋಲಿ ಯೋಗ್ಯವಾಗಿದೆ ಎಂದು ಬರೆದು ಸಹಿ ಹಾಕಿದೆ. ಪೈಪಿನ ಸುದ್ದಿ ಬರೆಯಲಿಲ್ಲ.

ರ‍್ಯಾಕ್ ಬಂತು, ಎಸಿ ಬಂತು, ಬಾಗಿಲಿಗೆ ಬೀಗ ಬಂತು. ಹೆಂಗಸರು ಟೆರೇಸಿಗೆ ಹೋಗುವ ಮೆಟ್ಟಿಲ ತಿರುವಿಗೆ ಹೋದರು. ಒಬ್ಬಳು ಚಾದರ ಅಡ್ಡ ಹಿಡಿದರೆ ಇನ್ನೊಬ್ಬಳು ಅದರ ಹಿಂದೆ ಸೀರೆ ಬಿಚ್ಚುತ್ತಿದ್ದಳು. ಒಂದು ದಿನ ಮೇಲೆ ಆಂಟೆನಾ ನೋಡಲು ಹೊರಟ ನಾನೇ ಅಲ್ಲಿ ಎದುರಾದೆ. ಚಾದರ ಹಿಡಿದವಳು ಮುಖ ಗೋಡೆಗೆ ತಿರುಗಿಸಿದಳು.

ರ‍್ಯಾಕ್ ಕೋಣೆ ಒರೆಸಲು ಬಂದ ಯಾದಗಿರಿಯವಳು ಎಸಿಯ ಕೆಳಗೆ ಒಂದು ಗಳಿಗೆ ನಿಂತಳು. "ನಾವಿದ್ದಾಗ ಒಂದು ಫ್ಯಾನ್ ಕೇಳಿದ್ವಿರಿ, ಕೊಡಲಿಲ್ಲ."

"ಇವು ಬಿಸಿಯಾದ್ರ ಕೆಟ್ಟುಹೋಗ್ತಾವ್ರಿ" ಎಂದೆ.

"ಹೌದ್ರಿ?" ಎಂದಳು. ಒರೆಸುವುದನ್ನು ಮುಂದುವರಿಸಿದಳು.

ಮಳೆಗಾಲದ ನಡುವೆ ಪೈಪಿನ ಕೀಲು ಸಡಿಲವಾಗಿ ನೀರು ರ‍್ಯಾಕಿನ ನೆತ್ತಿಗೇ ತೊಟ್ಟಿಕ್ಕಿತು. ಎರಡು ಸ್ವಿಚ್ಚು ಸುಟ್ಟುಹೋಗಿ ಇಡೀ ಕಚೇರಿ ಒಂದು ದಿನ ಸುಮ್ಮನೆ ಕುಳಿತಿತು. ಮ್ಯಾನೇಜರು ನನ್ನ ವರದಿ ಕೈಯಲ್ಲಿ ಹಿಡಿದು ಬಂದರು. "ಹೇಗಾಯಿತು?"

ಕೆಳಗೆ ನನ್ನ ಸಹಿ ಕಾಣುತ್ತಿತ್ತು. "ಮೇಲೆ ಟಾಯ್ಲೆಟ್ ತೊಳೆಯುವಾಗ ಯಾರೋ ಬೇಕಾಬಿಟ್ಟಿ ನೀರು ಸುರಿದಿರಬೇಕು" ಎಂದೆ.

ಮೇಲೆ ತೊಳೆಯುವವಳು ಯಾರೆಂದು ನನಗೆ ಗೊತ್ತಿತ್ತು. ಅವರು ಸೂರಿನತ್ತ ನೋಡಿದರು, ಪೈಪು ನೋಡಿದರು, ನನ್ನನ್ನು ನೋಡಿದರು. ಆಮೇಲೆ ತಲೆಯಾಡಿಸಿದರು. ಎರಡು ದಿನದಲ್ಲಿ ಯಾದಗಿರಿಯವಳನ್ನು ಕೆಲಸದಿಂದ ಬಿಡಿಸಿದರು.

ಹೋಗುವ ದಿನ ಅವಳು ನನ್ನನ್ನೇ ಹುಡುಕಿಕೊಂಡು ಬಂದಳು. ಯಾರು ಹೇಳಿದ್ದೆಂದು ಅವಳಿಗೆ ಗೊತ್ತಿರಲಿಲ್ಲ. "ನಾ ಎಂದಿನಂಗ ಒಂದ ಬಕೀಟ್ ನೀರು ಹಾಕಿದ್ನಿರಿ. ಇರ್ಲಿ. ಶಿರೂರು ಕಡೆ ಫ್ಯಾಕ್ಟರಿಯಾಗ ಕೆಲಸ ಅದ ಅಂತಾರ. ನಾನು ಛಲೋ ಕೆಲಸ ಮಾಡ್ತೀನಂತ ನಾಕ್ ಸಾಲು ಬರದು ಕೊಡ್ರಿ, ನೀವು ಕಲ್ತವ್ರು."

ನಿಷ್ಠೆಯ ಹೆಂಗಸು, ಕೆಲಸದಲ್ಲಿ ಜಾಗರೂಕಳು ಎಂದು ಮರಾಠಿಯಲ್ಲಿ ಬರೆದುಕೊಟ್ಟೆ. ಕಚೇರಿಯ ಮುದ್ರೆಯಿಲ್ಲದ ಆ ಹಾಳೆಯನ್ನು ಯಾವ ಫ್ಯಾಕ್ಟರಿಯವರೂ ತಿರುಗಿ ನೋಡುವುದಿಲ್ಲವೆಂದು ತಿಳಿದೇ ಬರೆದೆ. ಅವಳು ಓದಿಸಿ ಕೇಳಿಸಿಕೊಂಡಳು.

"ಭಾಳ ಉಪಕಾರ ಆತ್ರಿ" ಎಂದು ನನ್ನ ಕೈ ಹಿಡಿದಳು. ಅವಳ ಅಂಗೈ ಫಿನೈಲಿನಿಂದ ಒಡೆದಿತ್ತು. ನಾನು ಕೈ ಬಿಡಿಸಿಕೊಂಡು, ಕೆಲಸವಿದೆ ಎಂದೆ.

ಸ್ವಿಚ್ಚು ಸುಟ್ಟಮೇಲೆ ಮ್ಯಾನೇಜರು ವಿಶ್ರಾಂತಿ ಕೋಣೆ ಬಿಟ್ಟುಕೊಡಲು ಒಪ್ಪಿದರು. ರ‍್ಯಾಕ್ ಅಲ್ಲಿಗೆ ಹೋಯಿತು. ಪೈಪು ರಿಪೇರಿಯಾಯಿತು. ಎಸಿ ಹೇಗೂ ಇದೆಯೆಂದು ಹೆಂಗಸರ ಖೋಲಿಯನ್ನೇ ಮ್ಯಾನೇಜರು ತಮ್ಮ ವಿಶ್ರಾಂತಿ ಕೋಣೆ ಮಾಡಿಕೊಂಡರು. ಸೋಫಾ ಬಾಗಿಲಲ್ಲಿ ಹಿಡಿಸುತ್ತದೆಯೇ ಎಂದು ಅವರು ಕೇಳಿದಾಗ, ನಾನೇ ಅಳತೆ ಹಿಡಿದು ನೋಡಿ, ಹಿಡಿಸುತ್ತದೆ ಎಂದೆ.