ಸಿಲಿಂಡರ್ ಹಚ್ಚಿದ ತಾರೀಕು

ಬೇಗಂಪೇಟೆಯ ಕಂಪನಿಯಲ್ಲಿ ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ದೊಡ್ಡ ತಪ್ಪು ಸಿಕ್ಕ ದಿನ ಊಟ ಹೆಚ್ಚು ಸೇರುತ್ತಿತ್ತು. ಅಂಥವಳು ನನ್ನ ಬಸಿರಿನ ವಿಷಯದಲ್ಲೇ ಮುಗ್ಗರಿಸಿದೆ.

ಹಿಂದೊಮ್ಮೆ ಎರಡೇ ತಿಂಗಳಿಗೆ ಗರ್ಭ ಹೋಗಿತ್ತು. ಈ ಸಲ ಜೀವ ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋದೆ. ಕಡೆಯ ಮುಟ್ಟಿನ ತಾರೀಕು ಬರೆಯಿರಿ ಎಂದರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುಂಡು ಸುತ್ತಿಟ್ಟಿದ್ದೆ, ತಾರೀಕು ನೆನಪಿರಲಿಲ್ಲ. ಅತ್ತೆಗೆ ಫೋನ್ ಮಾಡಿದೆ. ಸುತ್ತ ಗಂಡಸರು ಕೂತಿದ್ದರು, ಏತಕ್ಕೆಂದು ಬಾಯಿಬಿಟ್ಟು ಹೇಳಲು ನಾಚಿಕೆ.

“ಹೋದ ತಿಂಗಳ ಹಾಳ್ಯಾಗ ಯಾವ ತಾರೀಕಿಗಿ ಗುಂಡ ಹಾಕೈತಿ, ನೋಡ್ರಿ ಅತ್ತಿ.”

“ನಾಕಕ್ಕ,” ಎಂದರು.

ಯಂತ್ರ ಹೊಸದು. ಗರ್ಭದ ಚೀಲವನ್ನು ಉದ್ದ, ಅಗಲ, ಆಳ ಮೂರೂ ಕಡೆ ಅಳೆದು ಅದರೊಳಗೆ ಎಷ್ಟು ಜಾಗವಿದೆಯೆಂದು ಹೇಳುತ್ತಿತ್ತು. ಡಾಕ್ಟರಮ್ಮ ಎರಡು ಸಲ ಅಳೆದರು. ಏಳೂವರೆ ವಾರಕ್ಕೆ ಮಗುವಿನ ಎದೆಬಡಿತ ಕಾಣಬೇಕು, ಇಲ್ಲಿ ಬರೀ ಚೀಲವಿದೆ, ಅದೂ ಚಿಕ್ಕದು, ತಾರೀಕು ಖಚಿತವೇ ಎಂದು ಕೇಳಿದರು. ನೂರಕ್ಕೆ ನೂರು ಎಂದು ಸಿಡುಕಿದೆ. ಹತ್ತು ದಿನ ಬಿಟ್ಟು ಬನ್ನಿ ಎಂದರು. ಆಟೋದಲ್ಲಿ ಮನೆಯವರೆಗೂ ಅಳುತ್ತಲೇ ಬಂದೆ.

ಮೂರನೆಯ ದಿನ ಬೆಳಿಗ್ಗೆ ರೊಟ್ಟಿ ಹಂಚಿನ ಮೇಲಿದ್ದಾಗಲೇ ಗ್ಯಾಸ್ ಮುಗಿಯಿತು. ಅತ್ತೆ ಸೀದಾ ಕ್ಯಾಲೆಂಡರಿಗೆ ಹೋಗಿ ಹಾಳೆ ಮಗುಚಿದರು.

“ನಾಕನೇ ತಾರೀಕಿಗಿ ಹಚ್ಚೀನಿ, ಎರಡ ತಿಂಗಳ ಸೈತ ಬರಲಿಲ್ಲ. ಚಾ ಕಾಸಿ ಕಾಸಿ ಮುಗಿಸೀದಿ ನೀ.”

ನಾನು ಓಡಿ ಹೋಗಿ ನೋಡಿದೆ. ನಾಲ್ಕರ ಗುಂಡು ಅವರದು, ಹೊಸ ಸಿಲಿಂಡರ್ ಹಚ್ಚಿದ ದಿನದ್ದು. ನನ್ನದು ಕೆಳಗೆ, ಹದಿನೆಂಟರ ಮೇಲೆ. ಅಂದರೆ ಡಾಕ್ಟರಮ್ಮನಿಗೆ ನಾನು ಗ್ಯಾಸ್ ಸಿಲಿಂಡರಿನ ವಯಸ್ಸು ಹೇಳಿ ಬಂದಿದ್ದೆ. ವಿಷಯ ಕೇಳಿ ಅತ್ತೆ ನೆಲಕ್ಕೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ. ಅರೆಬೆಂದ ರೊಟ್ಟಿಯನ್ನೇ ಹರಿದು ತಿಂದೆವು.

ಫೋನಿನಲ್ಲಿ ಡಾಕ್ಟರಮ್ಮ, ಐದೂವರೆ ವಾರಕ್ಕೆ ಬರೀ ಚೀಲ ಕಾಣುವುದು ಸಹಜ ಎಂದರು. ಒಳಗೆ ಮಗು ಇದ್ದೇ ಇರುತ್ತದೆ ಎಂದು ಮಾತ್ರ ಹೇಳಲಿಲ್ಲ. ಆ ಒಂದು ವಾರ ನನಗೆ ನಿದ್ದೆಯಿಲ್ಲ. ಅತ್ತೆಗೆ ಮಾತ್ರ ಯಾವ ಚಿಂತೆಯೂ ಇದ್ದಂತಿರಲಿಲ್ಲ. ಹೊತ್ತುಹೊತ್ತಿಗೆ ತಟ್ಟೆ ತಂದಿಟ್ಟು, “ಕೂಸ ಆರಾಮ ಐತಿ, ನೀ ಉಣ್ಣು,” ಎಂದು ಗದರುತ್ತಿದ್ದರು. ಇವರಿಗೇನು ಗೊತ್ತು ನನ್ನ ಸಂಕಟ ಎಂದು ಒಳಗೊಳಗೇ ಸಿಟ್ಟಾಗುತ್ತಿತ್ತು.

ಎರಡನೆಯ ಸಲ ಅವರೂ ಜೊತೆಗೆ ಬಂದರು. ಡಾಕ್ಟರಮ್ಮ ಮತ್ತೆ ಮೂರೂ ಕಡೆ ಅಳೆದು, ಸರಿಯಾಗಿ ಏಳು ವಾರ ಎಂದು ತೆರೆಯನ್ನು ನಮ್ಮತ್ತ ತಿರುಗಿಸಿದರು. ಕಾಳಿನಷ್ಟು ಬೆಳ್ಳಗಿನದೊಂದು, ಅದರ ನಡುವೆ ಮಿಣಮಿಣ ಎನ್ನುವ ಎದೆಬಡಿತ. ನನಗೆ ಖುಷಿ ತಡೆಯಲಾಗಲಿಲ್ಲ.

“ನೋಡ್ರಿ ಅತ್ತಿ,” ಎಂದು ತಿರುಗಿದೆ.

ತಲೆಯ ಬಳಿ ನಿಂತಿದ್ದ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಕಣ್ಣು ಗಟ್ಟಿಯಾಗಿ ಮುಚ್ಚಿದ್ದರು.

“ಮೊದಲ ನೀ ಹೇಳು. ನನಗ ನೋಡಾಕ ಧೈರ್ಯ ಇಲ್ಲ.”

“ಎದಿ ಬಡ್ಯಾಕತ್ತೈತ್ರಿ.”

ಅತ್ತೆ ಕಣ್ಣು ಬಿಟ್ಟರು. ಮೊದಲು ನನ್ನ ಮುಖ ನೋಡಿದರು, ಆಮೇಲೆ ತೆರೆ.