ಅಪ್ಪ ನೋಡಿದ ಕಣ್ಣಪಾಪೆ

ಅಪ್ಪನಿಗೆ ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆಯ ಅಂಗಡಿ. ಸೀರೆ ತೋರಿಸುವಾಗ ಅಪ್ಪ ಸೀರೆ ನೋಡುತ್ತಿರಲಿಲ್ಲ, ಗಿರಾಕಿಯ ಕಣ್ಣು ನೋಡುತ್ತಿದ್ದ. ಹಾಸಿನಲ್ಲಿ ನೇರಳೆ, ಹೊಕ್ಕಿನಲ್ಲಿ ಹಸಿರು ನೂಲು ಹಾಕಿ ನೇಯ್ದ ಸೀರೆಯನ್ನು ಬಾಗಿಲ ಬೆಳಕಿಗೆ ಮೆಲ್ಲಗೆ ತಿರುಗಿಸುವನು. ನೇರಳೆಯಾಗಿ ಕಂಡದ್ದು ಹಸಿರಾದ ಗಳಿಗೆಯಲ್ಲಿ ಹೆಂಗಸಿನ ಕಣ್ಣಪಾಪೆ ಸಾಸಿವೆಯಷ್ಟಿದ್ದದ್ದು ಮೆಣಸಿನ ಕಾಳಿನಷ್ಟಾಗುತ್ತಿತ್ತು. ಆಮೇಲೆ ಅಪ್ಪ ಚೌಕಾಸಿಗೆ ಜಪ್ಪಯ್ಯ ಅಂದರೂ ಬಗ್ಗುತ್ತಿರಲಿಲ್ಲ.

"ಬಾಯಿ ಬ್ಯಾಡ ಅಂದ್ರೂ ಪಾಪೆ ಬೇಕು ಅಂತದೆ. ಅರಳಿರೋದ ನೋಡ್ಬ್ಯಾಡ ಕಣಮ್ಮಿ, ಅರಳೋದ ನೋಡು," ಎಂದು ನನಗೂ ಕಲಿಸಿದ್ದ.

ನನ್ನನ್ನು ನೋಡಲು ಹನೂರಿನಿಂದ ಗಂಡು ಬಂತು. ಹುಡುಗ ಅಣ್ಣನ ಹೆಗಲ ಮೇಲೆ ಕೈಯಿಟ್ಟುಕೊಂಡೇ ಒಳಗೆ ಬಂದ. ಅಣ್ಣತಮ್ಮಂದಿರ ಪ್ರೀತಿ ನೋಡಿ ಎಂದು ನಮ್ಮವರೆಲ್ಲ ಹಿಗ್ಗಿದರು. ನಾನು ಕಾಫಿ ತಂದಿಟ್ಟೆ. ಲೋಟ ಎದುರಿಗೇ ಇದ್ದರೂ ಅವನ ಕೈ ತಟ್ಟೆಯ ಅಂಚನ್ನು ತಡವಿತು.

ಅಪ್ಪನನ್ನು ಒಳಗೆ ಕರೆದು, "ಅವ್ರಿಗೆ ಕಣ್ಣು ಕಾಣಾಕಿಲ್ಲ ಕಣಪ್ಪಾ," ಎಂದೆ.

ಅಪ್ಪ ನಕ್ಕುಬಿಟ್ಟ. "ನಾಚ್ಕೆ ಕಣಮ್ಮಿ ಅದು. ನಿನ್ನ ಕಂಡು ಪಾಪೆ ಎಂಗರಳ್ಕಂಡವೆ ನೋಡು! ಅಂಗ್ಡೀಲಿ ಕುಂತಿರೋನು ನಾನು, ನಂಗೇ ಏಳ್ಕೊಡ್ತೀಯಾ?"

ಅವನು ಬಂದಾಗ ಹೊರಗಿನ ಸುಡುಬಿಸಿಲಲ್ಲಿ ಚಪ್ಪಲಿ ಬಿಡುವಾಗಲೂ ಆ ಪಾಪೆಗಳು ಅಷ್ಟೇ ಅಗಲವಾಗಿದ್ದವು. ಕಿಟಕಿಯಿಂದ ನಾನು ಕಂಡಿದ್ದೆ. ಹೇಳಿದರೂ ಕೇಳುವವರು ಯಾರು? ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಗೆ ಬಿದ್ದಿತ್ತು. ನನ್ನನ್ನೂ ಎಳೆದುಕೊಂಡು ಬಿತ್ತು.

ಮದುವೆಯಾದ ಹೊಸತರಲ್ಲಿ, ಅಪ್ಪ ಕೊಟ್ಟ ಇಬ್ಬಣ್ಣದ ಸೀರೆಯ ಸೆರಗನ್ನು ಅಂಗಳದ ಬಿಸಿಲಲ್ಲಿ ಗಂಡನ ಮುಂದೆ ತಿರುಗಿಸಿದೆ. ನೇರಳೆ ಹೋಗಿ ಹಸಿರಾಯಿತು. ಪಾಪೆ ಅಲುಗಲಿಲ್ಲ.

"ಯಾವ ಬಣ್ಣ ಏಳಿ?"

"ಸೆಂದಾಗದೆ ಬುಡು," ಎಂದು ಗೋಡೆಯ ಕಡೆ ಮುಖ ತಿರುಗಿಸಿದ.

ಕಣ್ಣಿನ ನರ ಸತ್ತರೆ ಪಾಪೆ ಹಾಗೆ ಅರಳಿಕೊಂಡೇ ಇರುತ್ತದಂತೆ. ಮೈಸೂರಿನ ಡಾಕ್ಟರು ಆಮೇಲೆ ಹೇಳಿದರು. ಅವನ ಮನೆಯವರಿಗೆಲ್ಲ ಮೊದಲೇ ಗೊತ್ತಿತ್ತು. ಅವರ ವಂಚನೆಗಿಂತ ಅಪ್ಪನ ಆ ನಗುವೇ ನನ್ನನ್ನು ಹೆಚ್ಚು ಸುಟ್ಟಿತು.

ಗೌರಿ ಹಬ್ಬಕ್ಕೆ ಅಪ್ಪ ಬಾಗಿನ ತಂದ. ಜೊತೆಗೆ ಇನ್ನೊಂದು ಇಬ್ಬಣ್ಣದ ಸೀರೆ. ಬಿಚ್ಚಿ ಬಾಗಿಲ ಬೆಳಕಿಗೆ ತಿರುಗಿಸಿ, ಅಭ್ಯಾಸಬಲದಿಂದ ಬಗ್ಗಿ ನನ್ನ ಕಣ್ಣನ್ನೇ ನೋಡಿದ.

"ಅವತ್ತು ನೀನು ಅವ್ರ ಕಣ್ಣ ನೋಡ್ದೆ. ನನ್ ಕಣ್ಣ ಈಗ ನೋಡ್ತೀಯಾ ಅಪ್ಪಾ?" ಎಂದೆ.

ಗಿರಾಕಿ ಬೇಡವೆಂದು ಎದ್ದುಹೋದ ಮೇಲೆ ಮಡಚುವ ಹಾಗೆ, ಅಪ್ಪ ಹಳೆಯ ಮಡಿಕೆಯ ಮೇಲೇ ಮಡಿಕೆ ಕೂರಿಸಿ, ಸೀರೆ ಮಡಚತೊಡಗಿದ.