ಉದ್ದ ಹಿಡಿಕೆಯ ಗಾಳ

ಅಂಜಿಕೆಯಾದಾಗ ನಮ್ಮ ಮಾವನವರ ಕಾಲ್ಬೆರಳುಗಳು ಮಡಚಿಕೊಂಡು ನೆಲವನ್ನು ಗಟ್ಟಿಯಾಗಿ ಹಿಡಿಯುತ್ತಿದ್ದವು. ಎಲ್ಲರ ಚಪ್ಪಲಿ ಹಿಮ್ಮಡಿಯ ಕಡೆ ಸವೆದರೆ ಅವರದು ಮುಂದುಗಡೆ, ಬೆರಳೂರುವ ಜಾಗದಲ್ಲಿ ಗುಳಿ ಬೀಳುತ್ತಿತ್ತು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಗ್ಯಾಸ್ ಸಿಲಿಂಡರ್ ಬದಲಿಸುತ್ತಿದ್ದೆ. ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದ ಅವರ ಪಾದ ನೋಡಿ ನಗು ತಡೆಯಲಾಗದೆ ಸೆರಗು ಬಾಯಿಗೆ ಹಚ್ಚಿಕೊಂಡಿದ್ದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ವಾಸನೆ ಬರುತ್ತಿಲ್ಲವಲ್ಲ ಎಂದು ಇನ್ನೊಮ್ಮೆ ಮೂಸಿ ನೋಡಲು ಹೇಳಿದರು.

ಅಂಥ ಇನ್ನೊಬ್ಬ ಅಂಜುಬುರುಕ ಮನುಷ್ಯನನ್ನು ನಾನು ಕಂಡಿಲ್ಲ. ಗುಡುಗಿದರೆ ಮೇನ್ ಸ್ವಿಚ್ ಆರಿಸುವರು. ಮನೆಗೆ ಬಂದ ಬೀಗರನ್ನು ಗೋಳಗುಮ್ಮಟಕ್ಕೆ ಕರೆದೊಯ್ದು, ಅವರನ್ನು ಮೇಲೆ ಹತ್ತಿಸಿ, ತಾವು ಕೆಳಗೆ ಹುಲ್ಲಿನ ಮೇಲೆ ಎಲ್ಲರ ನೀರಿನ ಬಾಟಲಿ ಕಾಯುತ್ತ ಕೂಡುವರು. ಮೊಮ್ಮಕ್ಕಳೇ ಚೇಷ್ಟೆ ಮಾಡಿದರೆ ಒಂದೇ ಉತ್ತರ: "ಮನ್ಯಾಗ ಅಂಜವ್ರು ಒಬ್ರರ ಇರಬೇಕ್ರಿ. ಎಲ್ಲಾರೂ ಧೈರ್ಯವಂತರಾದ್ರ ಬಾಗಲಾ ಹಾಕವ್ರು ಯಾರು?"

ಎಲ್ಲಕ್ಕಿಂತ ಹೆಚ್ಚಿನ ಅಂಜಿಕೆ ನೀರಿನದು. ಅದೂ ಸಹಜವೇ. ಅವರು ಘೋಣಸಗಿಯ ಕಡೆಯವರು. ಅಲ್ಲಿಯವರಿಗೆ ಆಗ ನೀರೆಂದರೆ ಕೊಡದಲ್ಲಿದ್ದಷ್ಟು. ಊರ ಹೊರಗೊಂದು ಕೆರೆಯಿತ್ತು, ಹೆಸರಿಗೆ ಮಾತ್ರ ಕೆರೆ. ಅದರೊಳಗೆ ಬಂಡಿ ಓಡಾಡುತ್ತಿದ್ದವು, ದನ ಮೇಯುತ್ತಿದ್ದವು. ಅತ್ತೆಯವರು ಮದುವೆಯಾಗಿ ಬಂದದ್ದೂ ಆ ಕೆರೆಯ ಅಂಗಳವನ್ನು ದಾಟಿಯೇ ಅಂತೆ. ಮಾವನವರು ಬಬಲೇಶ್ವರದ ಒಂದು ಸೊಸೈಟಿಯಲ್ಲಿ ಗುಮಾಸ್ತರಾಗಿ ದುಡಿದು, ವಿಜಯಪುರದಲ್ಲಿ ಸೊಲ್ಲಾಪುರ ರಸ್ತೆಯ ಹಿಂದೆ ಮನೆ ಕಟ್ಟಿ ನಿವೃತ್ತರಾದರು. ಅಷ್ಟರೊಳಗೆ ಆ ಕಡೆಯ ಕೆರೆಗಳಿಗೆ ಕಾಲುವೆಯಿಂದ ಹೊಳೆಯ ನೀರು ಬಿಟ್ಟರು.

ಕೆರೆ ತುಂಬಿದ ಸುದ್ದಿ ಕೇಳಿ ಊರವರು ಗುಲಾಲು ಎರಚಿ ಕುಣಿದರು. ನಾವೂ ನೋಡಲು ಹೋದೆವು. ಎಲ್ಲರೂ ದಂಡೆಗೆ ನಿಂತು ಫೋಟೋ ತೆಗೆಸಿಕೊಳ್ಳುವಾಗ ಇವರು ದೂರ ನಿಂತು ನೀರನ್ನೇ ದಿಟ್ಟಿಸುತ್ತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ. ಏನಾಯಿತೆಂದು ಕೇಳಿದೆ. ಬರಗಾಲದ ವರ್ಷಗಳಲ್ಲಿ ಊರವರೆಲ್ಲ ಹೊಲಕ್ಕೆಂದು ಆ ಕೆರೆಯ ಮಣ್ಣು ಹೇರಿಕೊಂಡು ಹೋಗಿದ್ದರಂತೆ. ಆಮೇಲೆ ರಸ್ತೆಗೆಂದು ಗರಸುಮಣ್ಣು ತೆಗೆದರಂತೆ. ಕೆರೆಯೊಳಗೆ ಹೆಂಗಸರು ಪೂಜಿಸುವ ಗಂಗವ್ವನ ಕಲ್ಲಿನ ಮಗ್ಗುಲಿಗೇ ಎರಡಾಳು ಮುಳುಗುವ ತಗ್ಗು ಬಿದ್ದಿತ್ತು. ಈಗ ನೀರು ಅದನ್ನು ಮುಚ್ಚಿಬಿಟ್ಟಿತ್ತು.

"ಆ ತಗ್ಗಿನ್ಯಾಗಿನ ಮಣ್ಣು ನಮ್ಮ ಹೊಲದಾಗೂ ಐತಿ, ಯವ್ವಾ. ನಾನೂ ಟ್ರ್ಯಾಕ್ಟರ್ ಹಚ್ಚಿ ತಗಸೇನಿ," ಅಂದರು. "ಇವ್ರಿಗೆಲ್ಲಾ ಒಣಾ ಕೆರಿ ಗೊತ್ತೈತಿ. ಅದ ದಾರಿ ಅಂತ ಇಳೀತಾರ. ಯಾರರ ಒಬ್ರು ಹೋಗ್ತಾರ ನೋಡು."

ಅಂದಿನಿಂದ ಅವರಿಗೆ ನಿದ್ದೆ ಹೋಯಿತು. ಊರಿಗೆ ಫೋನ್ ಮಾಡಿ ತಗ್ಗಿನ ವಿಷಯ ಹೇಳುವರು. ಅತ್ತ ಕಡೆಯವರು ಹೂಂ ಅಂದು ನಗುವರು. ನೀರು ಬಂದ ಸಂಭ್ರಮದಲ್ಲಿ ಇದೆಂಥ ಅಪಶಕುನ ಎಂದು ಬೈದವರೂ ಇದ್ದರು. ಕೊನೆಗೊಂದು ದಿನ ತಾವೇ ದಂಡೆಯ ಮೇಲೆ ಕೂಡುತ್ತೇನೆ ಎಂದರು, ಕೈಯಲ್ಲಿ ಮೀನಿನ ಗಾಳ ಹಿಡಿದು!

ನಮ್ಮದು ಮೀನಿನ ಹೆಸರನ್ನೂ ಎತ್ತದ ಮನೆ. ಅತ್ತೆಯವರು ಎರಡು ದಿನ ಮಾತು ಬಿಟ್ಟರು. ಗಾಳ ಯಾಕೆಂದು ನಾನೇ ಕೇಳಿದೆ. "ಸುಮ್ನ ಕುಂತ್ರ ಮುದುಕಗ ಹುಚ್ಚ ಹಿಡದೈತಿ ಅಂತಾರ. ಗಾಳ ಹಿಡಕೊಂಡು ಕುಂತ್ರ ಯಾರೂ ಏನೂ ಅನ್ನಂಗಿಲ್ಲ," ಅಂದರು. ಕೊಕ್ಕೆ ಕಟ್ಟುವುದಿಲ್ಲ, ಬರೀ ದಾರ ಬಿಡುತ್ತೇನೆ ಎಂದು ಅತ್ತೆಯವರ ತಲೆ ಮುಟ್ಟಿ ಆಣೆ ಮಾಡಿದ ಮೇಲೆ ಮನೆ ತಣ್ಣಗಾಯಿತು.

ನನ್ನ ಗಂಡ ಒಂದು ಗಾಳ ತರಿಸಿಕೊಟ್ಟರು. ಒಂದರೊಳಗೊಂದು ಸೇರಿಕೊಳ್ಳುವಂಥ ಕೋಲು, ಎಳೆದರೆ ಉದ್ದ, ತಳ್ಳಿದರೆ ಮೊಳದಷ್ಟು. ಮಾವನವರು ಅದನ್ನು ಅಂಗಳದಲ್ಲಿ ಹಿಡಿದು ನೋಡಿ ತಲೆಯಲ್ಲಾಡಿಸಿದರು. ಹಿಡಿಕೆ ಗೇಣುದ್ದ. ಇದನ್ನು ಹಿಡಿಯಬೇಕಾದರೆ ನೀರಿನ ಅಂಚಿಗೇ ಹೋಗಿ ಕೂಡಬೇಕು, ಅದು ತಮ್ಮಿಂದ ಆಗದ ಮಾತು. "ಇದಕ್ಕ ಗುದ್ಲಿಗೆ ಹಾಕಿದಂಗ ಉದ್ದನ್ನ ಕಾವು ಹಾಕಬೇಕು," ಎಂದು ತೀರ್ಮಾನಿಸಿದರು.

ಮೊದಲು ನಳದ ಪ್ಲಾಸ್ಟಿಕ್ ಪೈಪು ಹಾಕಿದರು. ಮಾಳಿಗೆಯ ಬಿಸಿಲಿಗೆ ಅದು ಬಾಗಿಹೋಯಿತು. ಅಲ್ಯೂಮಿನಿಯಂ ಕೊಳವೆ ಹಗುರ ಎಂದು ಯಾರೋ ಹೇಳಿದ್ದಕ್ಕೆ ಅದನ್ನೂ ತಂದರು. ಆದರೆ ದಾರಿಯಲ್ಲಿ ಕರೆಂಟಿನ ತಂತಿಗೆ ತಾಗಿದರೆ ಗತಿಯೇನು ಎಂದು ನೆನಪಾಗಿ, ಅಂಗಡಿಗೆ ಮರಳಿ ಕೊಟ್ಟು ಬಂದರು. ಕಡೆಗೆ ಏಣಿಗೆ ಬಳಸುವಂಥ ಬಿದಿರೊಂದನ್ನು ಆರಿಸಿ ತಂದು, ತಮ್ಮ ಎದೆಮಟ್ಟಕ್ಕೆ ಕೊಯ್ಸಿದರು.

ಆ ಕೆಲಸ ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಬಿದಿರಿನ ಬಾಯಿ ಸೀಳಬಾರದೆಂದು ಮೊದಲು ಅದರ ಸುತ್ತ ಸುತಳಿ ಬಿಗಿದರು. ಒಳಗಿನ ಗೆಣ್ಣನ್ನು ಕಾಯಿಸಿದ ಸರಳಿನಿಂದ ಸುಟ್ಟು ತೆಗೆಯಬೇಕಿತ್ತು. ಬೆಂಕಿಯ ಕೆಲಸವೆಂದು ಅದನ್ನು ನನಗೆ ಹೇಳಿ, ತಾವು ನೀರಿನ ಬಕೀಟು ಹಿಡಿದು ನಿಂತರು. ಗಾಳದ ಗಿಡ್ಡ ಹಿಡಿಕೆಗೆ ದಾರ ಸುತ್ತುವರು, ಬಿದಿರೊಳಗೆ ತೂರಿಸಿ ನೋಡುವರು, ಸಡಿಲಾದರೆ ಹೊರಗೆ ತೆಗೆದು ಇನ್ನಷ್ಟು ಸುತ್ತುವರು. ಒಂದಿಷ್ಟೂ ಅಲುಗದಷ್ಟು ಬಿಗಿಯಾದ ಮೇಲೆ ಅಂಟು ಬಳಿದು ಕೂಡಿಸಿದರು. ಬೆಸುಗೆಯ ಮೇಲೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಹಲ್ಲಿನಲ್ಲಿ ಹಿಡಿದು ಜಗ್ಗಿ ಜಗ್ಗಿ ಸುತ್ತಿದರು. ಒಣಗುವ ತನಕ ಯಾರಿಗೂ ಮುಟ್ಟಗೊಡಲಿಲ್ಲ. ಮರುದಿನ ಒಂದು ತುದಿ ತಾವು ಹಿಡಿದು, ಇನ್ನೊಂದನ್ನು ನನಗೆ ಕೊಟ್ಟು, "ಜಗ್ಗು," ಅಂದರು. ಜಗ್ಗಿದೆ. "ಜ್ವಾಳದ ರೊಟ್ಟಿ ತಿಂದೀಯಿಲ್ಲೋ? ಜಗ್ಗು ಬೇ," ಅಂದರು. ನಾನು ಜಗ್ಗಿದ ರಭಸಕ್ಕೆ ಅವರೇ ಮುಗ್ಗರಿಸಿದರು, ಬೆಸುಗೆ ಜಪ್ಪಯ್ಯ ಅನ್ನಲಿಲ್ಲ.

ಆಮೇಲೆ ದಿನಾ ಬೆಳಗಿನ ಬಸ್ಸಿಗೆ ತಿಕೋಟಾ, ಅಲ್ಲಿಂದ ಟಂಟಂ ಆಟೋ ಹಿಡಿದು ಊರು. ಯಾರ ಕಣ್ಣಿಗಾದರೂ ಚುಚ್ಚೀತೆಂದು ಗಾಳದ ತುದಿಗೆ ಅರಿವೆ ಸುತ್ತಿ, ಬಸ್ಸಿನಲ್ಲಿ ಅದನ್ನು ತೊಡೆಗಳ ನಡುವೆ ನೆಟ್ಟಗೆ ಹಿಡಿದು ಕೂಡುತ್ತಿದ್ದರು. ಹಳೆಯ ಬಂಡಿದಾರಿ ನೀರಿಗಿಳಿಯುವಲ್ಲಿ, ಅಂಚಿನಿಂದ ಮಾರು ಹಿಂದೆ ಒಂದು ಕಲ್ಲಿತ್ತು. ಅದರ ಮೇಲೆ ಕೂತು, ಉದ್ದ ಹಿಡಿಕೆಯನ್ನು ಕಂಕುಳಲ್ಲಿ ಸಿಗಿಸಿ ದಾರ ಬಿಡುವರು. ಎಮ್ಮೆ ಮೈ ತೊಳೆಯಲು ಬಂದವರಿಗೆ, ಕುರಿಯವರಿಗೆ, ಎಲ್ಲರಿಗೂ ಅದೇ ಮಾತು: ಗಂಗವ್ವನ ಕಲ್ಲಿನ ಆಚೆ ಹೋಗಬೇಡಿ. ಎಷ್ಟು ಮೀನು ಬಿದ್ದವು ಎಂದು ಅವರು ಕಾಡಿಸುವರು. ಇವರು ಇನ್ನೂ ಬಿದ್ದಿಲ್ಲ, ಬೀಳುವುದೂ ಬೇಡ ಎನ್ನುವರು. ಮಾವನವರ ಅಂಜಿಕೆ ನನಗೂ ಅಂಟಿತು. ಕಾಲೇಜಿನಲ್ಲಿ ಪಾಠ ಹೇಳುವಾಗ ಫೋನ್ ಗುಂಯ್‌ಗುಟ್ಟಿದರೆ ಎದೆ ಧಸಕ್ಕೆನ್ನುತ್ತಿತ್ತು. ಸಂಜೆ ಗೇಟಿನಲ್ಲಿ ಬಿದಿರಿನ ತುದಿ ಕಂಡ ಮೇಲೆಯೇ ಚಹಾಕ್ಕೆ ಇಡುತ್ತಿದ್ದೆ.

ಶ್ರಾವಣದಲ್ಲೊಂದು ಶುಕ್ರವಾರ ಅತ್ತೆಯವರು ತುಂಬಿದ ಕೆರೆಗೆ ಉಡಿ ತುಂಬಬೇಕೆಂದರು. ಗಂಗವ್ವ ತುಂಬಿ ಬಂದಾಳ, ಬರಿಗೈಲೆ ಕಳಿಸಬಾರದು ಎಂಬುದು ಅವರ ಮಾತು. ಮಾವನವರು ಬೇಡವೇ ಬೇಡ ಎಂದು ಕೂತರು. ದಂಡೆಯಲ್ಲೇ ಪೂಜೆ ಮಾಡಿ ಎಂದರು. ಅತ್ತೆಯವರು ಕೇಳಲಿಲ್ಲ. ಅದು ತಾನು ಮದುಮಗಳಾಗಿ ನಡೆದು ಬಂದ ದಾರಿ, ತನಗೆ ಗೊತ್ತಿಲ್ಲದ್ದು ನಿಮಗೇನು ಗೊತ್ತು ಎಂದು ಬಾಯಿ ಮುಚ್ಚಿಸಿದರು.

ಗಂಗವ್ವನ ಕಲ್ಲು ಬಂಡಿದಾರಿಯ ಮೇಲೆ ಮೊಣಕಾಲುದ್ದ ನೀರಿನಲ್ಲಿತ್ತು, ಕುಂಕುಮದ ತಲೆಯಷ್ಟೇ ಕಾಣುತ್ತಿತ್ತು. ಖಣ, ಕಾಯಿ, ಉತ್ತತ್ತಿ, ಹಸಿರು ಬಳೆಯ ತಾಟು ಹಿಡಿದು ನಾನು ಮುಂದೆ, ಅತ್ತೆಯವರು ಹಿಂದೆ. ದಾರಿ ಕಾಲಿಗೆ ಗಟ್ಟಿಯಾಗಿ ಸಿಗುತ್ತಿತ್ತು, ನನಗೂ ಧೈರ್ಯ ಬಂತು. ಕಲ್ಲಿನ ತನಕ ಹೋದರೆ ಸಾಕೆಂದುಕೊಂಡಿದ್ದೆವು. ಆದರೆ ಗಂಗವ್ವನ ಮುಖ ಇದ್ದದ್ದು ಕೆರೆಯ ನಡುವಿನ ಕಡೆಗೆ. ಬೆನ್ನಿಗೆ ಯಾರಾದರೂ ಉಡಿ ತುಂಬುತ್ತಾರೆಯೇ? ಒಣ ಕೆರೆಯಲ್ಲಿ ಎಲ್ಲ ಹೆಂಗಸರೂ ಸುತ್ತು ಹಾಕಿ ಎದುರು ನಿಂತೇ ಪೂಜೆ ಮಾಡುತ್ತಿದ್ದರು. ಅತ್ತೆಯವರು ಹಿಂದಿನಿಂದ, "ಎದರ ಹೋಗಿ ನಿಂದ್ರು," ಅಂದರು. ಸುತ್ತು ಹಾಕಿದೆ. ದಂಡೆಯಲ್ಲಿ ಗಾಳ ಹಿಡಿದು ಕೂತಿದ್ದ ಮಾವನವರು ಒದರಿದ್ದು ಕೇಳಿಸಿತು. ಅಷ್ಟರಲ್ಲಿ ಕಾಲ ಕೆಳಗಿನ ನೆಲ ಇಲ್ಲವಾಗಿತ್ತು.

ಮುಳುಗುವಾಗ ಸದ್ದೇ ಇರುವುದಿಲ್ಲ. ಮೂಗಿನೊಳಗೆ ಬೆಂಕಿ ಹೊಕ್ಕಂತಾಯಿತು. ಸೀರೆ ಕಾಲಿಗೆ ಸುತ್ತಿಕೊಂಡಿತು. ಒದ್ದರೆ ಏನೂ ಸಿಗಲಿಲ್ಲ, ಕೈ ಚಾಚಿದರೆ ಏನೂ ಸಿಗಲಿಲ್ಲ. ಒಮ್ಮೆ ಮೇಲೆ ಬಂದಾಗ ಬಿಸಿಲು ಕಂಡು ಮತ್ತೆ ಕೆಳಗೆ ಹೋದೆ. ನಾನು ಸಾಯುತ್ತಿದ್ದೇನೆ ಎಂಬುದು ಸ್ಪಷ್ಟವಾಗಿ ಗೊತ್ತಾಯಿತು. 

ಭುಜಕ್ಕೆ ಏನೋ ಬಡಿಯಿತು. ಬಿದಿರು. ಎರಡೂ ಕೈಯಿಂದ ಬಾಚಿ ಹಿಡಿದೆ. ತಲೆ ಮೇಲೆ ಬಂದಾಗ ಕಂಡದ್ದು ಇಷ್ಟು: ಮಾವನವರು ಮೊಣಕಾಲೂರಿ ಸೊಂಟದವರೆಗೆ ನೀರಿನಲ್ಲಿದ್ದರು, ಎಡಗೈಯಲ್ಲಿ ಗಂಗವ್ವನ ಕಲ್ಲನ್ನು ತಬ್ಬಿದ್ದರು. ಗಾಳದ ಕೋಲನ್ನು ಒಳಗೆ ತಳ್ಳಿ ಗಿಡ್ಡ ಮಾಡಿ, ತಿರುವಿ, ಹಿಡಿಕೆಯ ಕಡೆಯನ್ನು ನನಗೆ ಚಾಚಿದ್ದರು. ಅವರ ಧೋತರದ ಚುಂಗನ್ನು ಹಿಂದಿನಿಂದ ಅತ್ತೆಯವರು ಹಿಡಿದಿದ್ದರು. ಮಾವನವರ ದವಡೆ ಗಡಗಡ ಅನ್ನುತ್ತಿತ್ತು. ದನಿ ಮಾತ್ರ ಮೆಲ್ಲಗೆ, ಕೂಸನ್ನು ರಮಿಸಿದ ಹಾಗೆ: "ಬಿಡಬ್ಯಾಡ ಬೇ. ನಾ ಹಿಡದೀನಿ. ಬಿಡಬ್ಯಾಡ."

ದಂಡೆಗೆ ಬಂದ ಮೇಲೆ ನಾನು ನೀರು ಕಾರಿದೆ. ಮಾವನವರು ತುಸು ಆಚೆ ಕೂತು, ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿದರು. ಮೈ ಎಷ್ಟು ನಡುಗುತ್ತಿತ್ತೆಂದರೆ ಇಬ್ಬರು ಹಿಡಿದು ಟಂಟಂ ಹತ್ತಿಸಬೇಕಾಯಿತು. ಅತ್ತೆಯವರು ದಾರಿಯುದ್ದಕ್ಕೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಮರುದಿನವೇ ಊರವರು ಬಂಡಿದಾರಿಗೆ ಅಡ್ಡಲಾಗಿ ಜಾಲಿಮುಳ್ಳು ಹಚ್ಚಿ, ಕೆಂಪು ಅರಿವೆ ಕಟ್ಟಿದರು. ಅದನ್ನು ಫೋನಿನಲ್ಲಿ ಮಾವನವರಿಗೆ ತೋರಿಸಿದೆವು. ಮುಳ್ಳು ಒಣಗಿ ತೇಲಿಹೋದರೆ ಹೇಗೆ ಎಂದು ಅವರಿಗೆ ಹೊಸ ಚಿಂತೆ.

ಕೆಲವು ದಿನ ಬಿಟ್ಟು ಕೇಳಿದೆ. ನೀರಿನ ಅಂಚಿಗೂ ಹೋಗದ ಮನುಷ್ಯ ಕೆರೆಯೊಳಗೆ ಹೇಗೆ ಇಳಿದಿರಿ, ಆಗ ಅಂಜಿಕೆ ಆಗಲಿಲ್ಲವೇ ಎಂದು. 

"ಅಂಜಿಕಿ ಹೋಗಿರ್ಲಿಲ್ಲ, ಯವ್ವಾ. ಅಂಜಿಕಿ ಇತ್ತಂತನ ಗಟ್ಟಿ ಹಿಡದ್ನಿ."

ಮುಂದಿನ ಬೇಸಿಗೆಯಲ್ಲಿ ಎದೆನೋವು ಬಂದು ಅವರನ್ನು ಆಸ್ಪತ್ರೆಗೆ ಸೇರಿಸಿದೆವು. ಮೂಗಿಗೆ ನಳಿಗೆ, ಕೈಗೆ ಸೂಜಿ, ತಲೆಯ ಹತ್ತಿರ ಕುಂಯ್ ಕುಂಯ್ ಅನ್ನುವ ಯಂತ್ರ. ಅವರಿಗೆ ಅದೆಲ್ಲ ಎಷ್ಟು ಹೆದರಿಕೆ ಎಂದು ನನಗೆ ಗೊತ್ತಿತ್ತು. ಎರಡನೆಯ ದಿನ ಮಧ್ಯಾಹ್ನ ನನ್ನ ಗಂಡ ಔಷಧಿ ತರಲು ಕೆಳಗೆ ಹೋಗಿದ್ದರು. ಅತ್ತೆಯವರು ಹೊರಗೆ ಬೆಂಚಿನ ಮೇಲೆ ಕಣ್ಣು ಮುಚ್ಚಿದ್ದರು. ಮಾವನವರು ಕಣ್ಣು ತೆರೆದು ನನ್ನನ್ನು ಹುಡುಕಿದರು.

"ಅಂಜಿಕಿ ಆಗಾಕತ್ತೈತಿ ಬೇ," ಅಂದರು.

ಧೈರ್ಯ ಹೇಳಬೇಕಿತ್ತು. ಏನೂ ಆಗುವುದಿಲ್ಲ, ನಾಳೆ ಮನೆಗೆ ಹೋಗೋಣ ಅನ್ನಬೇಕಿತ್ತು. ಅವರಿಗೆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಕೈ ಹಿಡಿದುಕೊಂಡು, ನನಗೂ ಅಂಜಿಕೆ ಆಗುತ್ತಿದೆ ಮಾವಾರ, ಅಂದೆ. ಅವರ ಮುಖ ಸಡಿಲಾಯಿತು. ಜೊತೆಗೊಬ್ಬರು ಸಿಕ್ಕರು ಎಂಬಂತೆ ನನ್ನ ಬೆರಳು ಹಿಡಿದರು.

ಸ್ವಲ್ಪ ಹೊತ್ತಿಗೆ ಯಂತ್ರದ ಕುಂಯ್ ಕುಂಯ್ ಒಂದೇ ಎಳೆಯಾಯಿತು. ಸಿಸ್ಟರ್ ಬಂದು ಯಂತ್ರ ನೋಡಿದರು, ಡಾಕ್ಟರನ್ನು ಕರೆದರು, ಅವರೂ ನೋಡಿದರು. ಇನ್ನು ಕೈ ಬಿಡ್ರಿ ಅಕ್ಕಾ, ಎಂದು ಸಿಸ್ಟರ್ ಮೆಲ್ಲಗೆ ಹೇಳಿದರು. ಮಾವನವರ ಕೈ ಆಗಲೇ ತಣ್ಣಗಾಗುತ್ತ ಬಂದಿತ್ತು. ಬಿಡಲು ನನಗೆ ಅಂಜಿಕೆ.